ಕೈಗುಣವೆಂಬ ಭ್ರಮೆ

ಧಾರವಾಡದ ಗೌಳಿಗಲ್ಲಿಯಿಂದಾಗಲಿ ಹುಬ್ಬಳ್ಳಿಯ ಸುತ್ತಣ ಹಳ್ಳಿಗಳಿಂದಾಗಲಿ ಬೇನೆಬಿದ್ದ ಎಮ್ಮೆಯನ್ನು ಹೊಡೆದುಕೊಂಡು ದನದ ದವಾಖಾನೆಗೆ ಬಂದ ಮನುಷ್ಯನು, ತನ್ನ ಪಶುವು ಮೆಲುಕು ಹಾಕತೊಡಗಿ ಮೇವಿಗೆ ಬಾಯಿ ಹಚ್ಚಿದ ಕೂಡಲೆ ಕೈಮುಗಿದು ಆಡುವ ಮಾತೊಂದುಂಟು: "ಸಾಹೇಬರ ಕೈಗುಣ ಭಾಳ ಚಲೋ ಅದ ನೋಡ್ರಿ." ಈ ಮಾತಿನಲ್ಲಿ ಕಪಟವಿಲ್ಲ, ಮುಖಸ್ತುತಿಯೂ ಇಲ್ಲ, ಅದು ಶುದ್ಧವಾದ ಕೃತಜ್ಞತೆಯಿಂದ ಹೊರಟ ನುಡಿ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಶುವೈದ್ಯನಾಗಿ ದುಡಿದ ನಾನು ಅದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ, ಕೇಳಿ ಹಿಗ್ಗಿದ್ದೇನೆ, ಆ ಹಿಗ್ಗಿನಲ್ಲಿ ಕಾಣಬೇಕಾದುದನ್ನು ಕಾಣದೆಯೂ ಹೋಗಿದ್ದೇನೆ. ಯಾರ ದಾಕ್ಷಿಣ್ಯಕ್ಕೂ ಕಟ್ಟುಬೀಳಬೇಕಾಗಿಲ್ಲದ ವಯಸ್ಸನ್ನು ಮುಟ್ಟಿದ ಮೇಲೆ ಈಗ ಹೇಳಲೇಬೇಕಾದುದು ಇದು: ಈ ಹೊಗಳಿಕೆಯು ನಮ್ಮ ವೃತ್ತಿಗೆ ಮಾಡಿದಷ್ಟು ಕೇಡನ್ನು ಯಾವ ಬೈಗುಳವೂ ಮಾಡಿಲ್ಲ.

ಏಕೆಂದರೆ ರೈತನ ಬಾಯಲ್ಲಿ ಕೃತಜ್ಞತೆಯಾಗಿದ್ದ ಮಾತು ವೈದ್ಯನ ಮನಸ್ಸನ್ನು ಹೊಕ್ಕ ಮೇಲೆ ಸಿದ್ಧಾಂತವಾಗಿ ಪರಿಣಮಿಸುತ್ತದೆ. ಗುಣವೆಲ್ಲ ನನ್ನ ಕೈಯಲ್ಲಿರುವಾಗ ಉಳಿದ ಕೈಗಳು ಯಾರವಾದರೇನು? ಹಗ್ಗ ಹಿಡಿಯುವುದಕ್ಕೊಬ್ಬ, ನೆಲ ಒರೆಸುವುದಕ್ಕೊಬ್ಬಳು, ಚೀಟಿ ಬರೆಯುವುದಕ್ಕೊಬ್ಬ. ಇಂದಿನವನು ಬಿಟ್ಟುಹೋದರೆ ನಾಳೆ ಇನ್ನೊಬ್ಬ. ತಾಲೂಕಿನ ಸರಕಾರಿ ದವಾಖಾನೆಯಿಂದ ಹಿಡಿದು, ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರದಂತಹ ಬಡಾವಣೆಗಳಲ್ಲಿ ನಾಯಿಬೆಕ್ಕುಗಳನ್ನು ಸಾಕಿದವರು ಹುಡುಕಿಕೊಂಡು ಹೋಗುವ ಖಾಸಗಿ ಚಿಕಿತ್ಸಾಲಯಗಳವರೆಗೆ ಈ ಭಾವನೆಯು ಎಷ್ಟು ನಿರಾತಂಕವಾಗಿ ಬೇರೂರಿದೆಯೆಂದರೆ, ಅದೊಂದು ಅಭಿಪ್ರಾಯವೆಂಬುದೇ ಮರೆತುಹೋಗಿ, ಗಾಳಿ ನೀರಿನಂತೆ ಸಹಜವಾದ ಸಂಗತಿಯೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ವೃತ್ತಿಬಾಂಧವರು ನಾಲ್ಕು ಜನ ಕೂಡಿದಲ್ಲಿ ಹೊಸ ಔಷಧಗಳ ಚರ್ಚೆಯಾಗುತ್ತದೆ, ಹೊಸ ಸ್ಕ್ಯಾನಿಂಗ್ ಯಂತ್ರದ ಬೆಲೆಯ ಚರ್ಚೆಯಾಗುತ್ತದೆ. ಜೊತೆಯಲ್ಲಿ ದುಡಿಯುವವರ ವಿಷಯ ಬಂದರೆ ಮಾತ್ರ "ಹುಡುಗರು ನಿಲ್ಲೋದಿಲ್ರೀ" ಎಂಬ ಒಂದು ದೂರಿನಲ್ಲಿ ಚರ್ಚೆಯು ಮುಗಿದುಹೋಗುತ್ತದೆ. ಏಕೆ ನಿಲ್ಲುವುದಿಲ್ಲವೆಂದು ಇದುವರೆಗೆ ಯಾರು ಕೇಳಿದರು?

ಕೈಗುಣದ ಪ್ರತಿಪಾದಕರನ್ನು ನಾನು ಒಂದು ದಿನದ ಮಟ್ಟಿಗಾದರೂ ದವಾಖಾನೆಯ ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದೊಯ್ಯಬಯಸುತ್ತೇನೆ. ಯಾವ ಎಮ್ಮೆಯ ಹಾಲಿನಿಂದ ಧಾರವಾಡದ ಪೇಢೆಯು ನಾಡಿನಲ್ಲೆಲ್ಲ ಹೆಸರಾಯಿತೋ, ಯಾವುದು 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮನ್ನಣೆಯನ್ನು ಪಡೆಯಿತೋ, ಆ ಧಾರವಾಡಿ ಎಮ್ಮೆಯು ಕೃತಕ ಗರ್ಭಧಾರಣೆಯಿಂದ ಗಬ್ಬವಾಗಬೇಕಾದರೆ ಎಷ್ಟು ಜನರ ಎಚ್ಚರ ಬೇಕೆಂಬುದನ್ನು ಅವರು ನೋಡಲಿ. ವೀರ್ಯದ ನಳಿಕೆಗಳು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಮುಳುಗಿಕೊಂಡೇ ಇರಬೇಕು. ಆ ದ್ರವವು ದಿನದಿನವೂ ಆವಿಯಾಗುತ್ತಿರುವುದರಿಂದ ಅಳತೆಗೋಲನ್ನು ಇಳಿಬಿಟ್ಟು ಮಟ್ಟವನ್ನು ನೋಡತಕ್ಕವನೊಬ್ಬನು ಬೇಕು. ನಳಿಕೆಯನ್ನು ಹೊರತೆಗೆದು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದುವಾಗ ಅವನ ಕಣ್ಣು ಗಡಿಯಾರದ ಮೇಲಿರಬೇಕು. ಒಂದು ವಾರ ಅವನು ಮಟ್ಟವನ್ನು ನೋಡದೆ ಹೋದನೆಂದರೆ ಪಾತ್ರೆಯೊಳಗಿನದೆಲ್ಲವೂ ಸತ್ತುಹೋಗಿರಬಹುದು. ಆಮೇಲೆ ಡಾಕ್ಟರರ ಕೈ ಎಷ್ಟೇ ನುರಿತದ್ದಾಗಿದ್ದರೂ ಅದು ಸತ್ತ ಬೀಜವನ್ನೇ ಬಿತ್ತುತ್ತದೆ. ಲಸಿಕೆಯ ಕಥೆಯೂ ಹೀಗೆಯೇ. ಎರಡರಿಂದ ಎಂಟು ಡಿಗ್ರಿಯ ನಡುವೆ ಕಾಯ್ದುಕೊಳ್ಳಬೇಕಾದ ಸೀಸೆಗಳ ಪೆಟ್ಟಿಗೆಯನ್ನು ಬಿಸಿಲಲ್ಲಿ ಮುಚ್ಚಳ ತೆರೆದಿಟ್ಟರೆ, ಸೂಜಿಯು ಚುಚ್ಚುವುದು ಬರಿಯ ನೀರನ್ನು. ಆ ಮುಚ್ಚಳವನ್ನು ಹಾಕತಕ್ಕ ಕೈ ಯಾರದು?

ಇನ್ನು ಊರಿನ ನಾಯಿಗಳ ಚಿಕಿತ್ಸಾಲಯಕ್ಕೆ ಬನ್ನಿರಿ. ಪಾರ್ವೋ ಬೇನೆಯಿಂದ ರಕ್ತಭೇದಿಯಾಗುತ್ತಿರುವ ಮರಿಯೊಂದು ಮೇಜಿನ ಮೇಲೆ ಮಲಗಿದೆ. ಡಾಕ್ಟರರು ಸಲೈನ್ ಹಚ್ಚಿ, ಬೇಕಾದ ಔಷಧಗಳನ್ನು ಕೊಟ್ಟು, ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ಮುಗಿಸಿ ಮುಂದಿನ ರೋಗಿಯತ್ತ ತಿರುಗುತ್ತಾರೆ. ಆ ಮೇಜನ್ನೂ ನೆಲವನ್ನೂ ಒರೆಸುವ ಹೆಂಗಸು, ತಾನು ದಿನವೂ ಮಾಡುವಂತೆ, ಬಕೆಟ್ಟಿಗೆ ಒಂದು ಮುಚ್ಚಳ ಫಿನೈಲ್ ಸುರಿದು ಒರೆಸುತ್ತಾಳೆ. ಪಾರ್ವೋ ವಿಷಾಣುವು ಸಾಮಾನ್ಯವಾದ ಫಿನೈಲಿಗೆ ಬಗ್ಗತಕ್ಕದ್ದಲ್ಲ. ಬ್ಲೀಚಿಂಗ್ ದ್ರಾವಣವನ್ನು ಹಾಕಿ ಹತ್ತು ನಿಮಿಷ ಬಿಡದಿದ್ದರೆ ಅದು ತಿಂಗಳುಗಟ್ಟಲೆ ನೆಲದಲ್ಲಿ ಬದುಕಿರುತ್ತದೆ. ಲಸಿಕೆ ಹಾಕಿಸಲೆಂದು ಆರೋಗ್ಯವಾಗಿ ಬಂದ ಮರಿಯು ಆ ನೆಲವನ್ನು ಮೂಸಿ, ಬೇನೆಯನ್ನು ಹೊತ್ತುಕೊಂಡು ಮನೆಗೆ ಹೋಗುತ್ತದೆ. ಈ ಸಂಗತಿಯು ಡಾಕ್ಟರರಿಗೆ ತಿಳಿದಿದೆ. ಆಕೆಗೆ ತಿಳಿಸಿದವರಾರು? ಆ ಚಿಕಿತ್ಸಾಲಯದಲ್ಲಿ ಆ ದಿನ ಮರಿಗಳ ಪ್ರಾಣವು ಯಾರ ಕೈಯಲ್ಲಿತ್ತೆಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಅದು ಪದವೀಧರನ ಕೈಯಲ್ಲಿರಲಿಲ್ಲ, ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ ಕೈಯಲ್ಲಿತ್ತು ಎಂದು ಒಪ್ಪಲೇಬೇಕಾಗುತ್ತದೆ. ಆ ಕೈಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಇಲ್ಲಿ ನನ್ನದೇ ಒಂದು ಅಪರಾಧವನ್ನು ಹೇಳಬೇಕಾಗಿದೆ. ನಾಲ್ಕು ದಶಕಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಲಘಟಗಿಯ ಕಡೆಯ ಒಂದು ಹಳ್ಳಿಯಲ್ಲಿದ್ದೆ. ನನಗಿಂತ ಇಪ್ಪತ್ತು ವರ್ಷ ಹಿರಿಯನಾದ ಕಂಪೌಂಡರನೊಬ್ಬನು ನನ್ನ ಕೈಕೆಳಗಿದ್ದನು. ಒಂದು ದಿನ ಅವನು ರೈತರೆದುರಿಗೆ ಏನೋ ಸೂಚನೆ ಕೊಡಹೋದದ್ದಕ್ಕೆ "ಡಾಕ್ಟರ ನಾನೋ ನೀನೋ?" ಎಂದು ನಾನು ಜಬರಿಸಿದೆ. ನಾಲ್ಕು ಜನ ನಕ್ಕರು. ಅವನು ತಲೆ ತಗ್ಗಿಸಿಕೊಂಡು ಒಳಗೆ ಹೋದನು. ಅದಾದ ಮೂರನೆಯ ದಿನ ಎಮ್ಮೆಯೊಂದು ಬಂದಿತು: ಬಾಯಿಂದ ಜೊಲ್ಲು ಸುರಿಯುತ್ತಿದೆ, ನೀರು ನುಂಗಲಾರದು, ದನಿ ಒಡೆದುಹೋಗಿದೆ. ಗಂಟಲಲ್ಲಿ ಮೆಕ್ಕೆಜೋಳದ ದಿಂಡು ಸಿಕ್ಕಿಕೊಂಡಿರಬೇಕೆಂದು ತೀರ್ಮಾನಿಸಿ, ಕೈಗವಸಿಲ್ಲದೆ, ಮೊಳಕೈವರೆಗೆ ತೋಳನ್ನು ಅದರ ಬಾಯೊಳಗಿಟ್ಟು ತಡಕಾಡಿದೆ. ಮೂಗುದಾರ ಹಿಡಿದು ಎದುರಿಗೆ ನಿಂತಿದ್ದ ಕಂಪೌಂಡರನು ನನ್ನ ಮುಖವನ್ನೇ ನೋಡುತ್ತಿದ್ದನು; ಒಂದೂ ಮಾತಾಡಲಿಲ್ಲ. ಗಂಟಲಲ್ಲಿ ಏನೂ ಸಿಗಲಿಲ್ಲ. ಅಲ್ಲಿಂದ ನಾಲ್ಕನೆಯ ದಿನ ಎಮ್ಮೆಯು ಹಿಂಗಾಲು ಬಿದ್ದು ಸತ್ತಿತು. ಆ ಸಂಜೆ ಅವನು ಬಾಗಿಲ ಬಳಿ ಬಂದು ನಿಂತು ಹೇಳಿದನು: "ಒಂದೂವರಿ ತಿಂಗಳ ಹಿಂದ ಅದಕ್ಕ ನಾಯಿ ಕಡದಿತ್ತಂತ್ರಿ. ಕಟ್ಟುವಾಗ ಮಾಲಕ ನನ್ನ ಮುಂದ ಹೇಳಿದ್ದ." ನನ್ನ ಮೈ ತಣ್ಣಗಾಯಿತು. ಮೊದಲು ಬಂದದ್ದು ಸಿಟ್ಟು: ಏಕೆ ಹೇಳಲಿಲ್ಲ? ಅವನ ಉತ್ತರವು ಇಂದಿಗೂ ನನ್ನ ಕಿವಿಯಲ್ಲಿದೆ: "ನೀವು ಕೇಳಲಿಲ್ಲರೀ ಸಾಹೇಬ್ರ. ಹೇಳಿದ್ರ ಮತ್ತ ಬೈತಿದ್ರಿ."

ಕುರಿಯ ಮೆದುಳಿನಿಂದ ತಯಾರಿಸಿದ, 2004ರವರೆಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಆ ಹಳೆಯ ಲಸಿಕೆಯನ್ನು ನಾನು, ಅವನು, ಎಮ್ಮೆಯ ಒಡೆಯ, ಒಡೆಯನ ಹದಿಹರೆಯದ ಮಗ, ನಾಲ್ವರೂ ಸಾಲಾಗಿ ನಿಂತು ದಿನಕ್ಕೊಂದರಂತೆ ಹೊಟ್ಟೆಯ ಮೇಲೆ ಚುಚ್ಚಿಸಿಕೊಂಡೆವು. ನಾಲ್ವರೂ ಉಳಿದೆವು. ಆದರೆ ಹುಚ್ಚುನಾಯಿ ರೋಗದ ಎಲ್ಲ ಲಕ್ಷಣಗಳನ್ನು ಬಾಯಿಪಾಠವಾಗಿ ಬಲ್ಲ ವೈದ್ಯನಿಗಿಂತ, ಒಡೆಯನ ಮಾತಿಗೆ ಕಿವಿಗೊಟ್ಟ ಕಂಪೌಂಡರನಿಗೆ ಆ ದಿನ ಹೆಚ್ಚು ತಿಳಿದಿತ್ತು. ತಿಳಿದದ್ದನ್ನು ಬಾಯಲ್ಲೇ ತಡೆದು ನಿಲ್ಲಿಸಿದ್ದು ನನ್ನ ದರ್ಪ. ಈ ತಪ್ಪನ್ನು ಅವನ ಮೇಲೆ ಹೊರಿಸುವವರು ಇಂದಿಗೂ ಇದ್ದಾರೆ. ಮಾತಾಡಿದರೆ ಶಿಕ್ಷೆ, ಮಾತಾಡದಿದ್ದರೂ ಶಿಕ್ಷೆ ಎಂಬ ವ್ಯವಸ್ಥೆಯನ್ನು ಕಟ್ಟಿದವರೇ ಸುಮ್ಮನಿದ್ದವನನ್ನು ದೂಷಿಸುವುದು ಯಾವ ನ್ಯಾಯ?

"ಬೈಯದೆ ಕಲಿಯೋದಿಲ್ರೀ, ನಾವೂ ಹಂಗ ಕಲತೀವಿ" ಎಂಬುದು ನನ್ನ ವೃತ್ತಿಬಾಂಧವರ ಬತ್ತಳಿಕೆಯ ಮುಖ್ಯ ಅಸ್ತ್ರ. ಸಂಗೀತದ ಈ ಸೀಮೆಯಲ್ಲಿ ಅವರು ಅದಕ್ಕೆ ಗುರುಶಿಷ್ಯ ಪರಂಪರೆಯ ಬಲವನ್ನೂ ಜೋಡಿಸುತ್ತಾರೆ: ಹಿಂದಿನ ಉಸ್ತಾದರು ಎಷ್ಟು ಕಠೋರರಾಗಿದ್ದರು, ಶಿಷ್ಯರು ಹೇಗೆ ಸಹಿಸಿದರು, ಸಹಿಸಿದ್ದರಿಂದಲೇ ಹೇಗೆ ಬೆಳೆದರು ಎಂದು. ಈ ಹೋಲಿಕೆಯನ್ನು ನಾನು ಕೊನೆಯವರೆಗೂ ಪರೀಕ್ಷಿಸಲು ಸಿದ್ಧನಿದ್ದೇನೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಗುರುಗಳ ಬಿಗಿಯನ್ನು ಸಹಿಸಿದ್ದಕ್ಕೆ ಪ್ರತಿಯಾಗಿ ಅವರಿಗೆ ದೊರೆತದ್ದು ಕಿರಾಣಾ ಘರಾಣೆಯ ವಿದ್ಯೆ. ಮುಂದೆ ಅವರು ವೇದಿಕೆಯನ್ನೇರಿದಾಗ ಮಗಳು ಕೃಷ್ಣಾ ಅವರು ಬೆನ್ನ ಹಿಂದೆ ಕುಳಿತು ದಶಕಗಳ ಕಾಲ ದನಿಗೂಡಿಸಿದರು. ಕೇಳುಗರು ಆ ಎರಡನೆಯ ದನಿಯ ಹೆಸರನ್ನೂ ಬಲ್ಲವರಾಗಿದ್ದರು. ಈಗ ಹೇಳಿರಿ: ದಿನವೂ ಬೈಸಿಕೊಳ್ಳುವ ನಿಮ್ಮ ಸಹಾಯಕನಿಗೆ ನೀವು ಯಾವ ವಿದ್ಯೆಯನ್ನು ಧಾರೆಯೆರೆದಿದ್ದೀರಿ? ಹತ್ತು ವರ್ಷ ದುಡಿದ ಮೇಲೂ ಅವನಿಗೆ ಅರಿವಳಿಕೆಯ ಚುಚ್ಚುಮದ್ದು ಏನು ಮಾಡುತ್ತದೆಂದು ತಿಳಿಯದು, ಮಲಗಿಸಿದ ನಾಯಿಯ ವಸಡು ನೀಲಿಯಾದರೆ ಅದರ ಅರ್ಥವೇನೆಂದು ತಿಳಿಯದು. ಗುರುವಿನ ಸಿಟ್ಟನ್ನು ಮಾತ್ರ ಎರವಲು ತಂದು ಗುರುವಿನ ದಾನವನ್ನು ಅಲ್ಲಿಯೇ ಬಿಟ್ಟು ಬಂದವರಿಗೆ ಪರಂಪರೆಯ ಹೆಸರೆತ್ತುವ ಅಧಿಕಾರವಿಲ್ಲ.

ಬೈಗುಳದ ಫಲವೇನೆಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಎಂಬ ವಿದುಷಿಯು ಮನುಷ್ಯರ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿಯೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಮೊದಲು ಇದು ವಿಪರೀತವಾಗಿ ಕಂಡಿತು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳುವ ಧೈರ್ಯವಿತ್ತು, ಹೆದರಿದ ತಂಡಗಳಲ್ಲಿ ಅದನ್ನು ಮುಚ್ಚಿಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಶಸ್ತ್ರಚಿಕಿತ್ಸೆಯ ಸುರಕ್ಷೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ರೂಪಿಸಿದ ಒಂದು ಪುಟದ ಪಟ್ಟಿಯನ್ನು ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ, 2009ರಲ್ಲಿ ಪ್ರಕಟವಾದ ಲೆಕ್ಕದಂತೆ, ಮರಣಗಳು ನೂರಕ್ಕೆ 1.5ರಿಂದ 0.8ಕ್ಕೂ, ತೊಡಕುಗಳು 11ರಿಂದ 7ಕ್ಕೂ ಇಳಿದವು. ಆ ಪಟ್ಟಿಯಲ್ಲಿ ಅದ್ಭುತವಾದ ಔಷಧವೇನೂ ಇಲ್ಲ. ಚರ್ಮಕ್ಕೆ ಕತ್ತಿ ತಾಗುವ ಮುನ್ನ ಅಲ್ಲಿರುವವರೆಲ್ಲರೂ ತಂತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕೆಂಬುದು ಅದರಲ್ಲಿಯ ಒಂದು ಅಂಶ. ನಮ್ಮ ಎಷ್ಟು ದವಾಖಾನೆಗಳಲ್ಲಿ ಸಹಾಯಕನಿಗೆ ಹೆಸರಿದೆ? "ಏ ಹುಡುಗಾ," "ಏ ತಮ್ಮಾ" ಎಂದೇ ಕರೆಯಿಸಿಕೊಳ್ಳುತ್ತ ಐವತ್ತರ ವಯಸ್ಸನ್ನು ಮುಟ್ಟಿದವರನ್ನು ನಾನು ಬಲ್ಲೆ.

ಇದಕ್ಕಿಂತಲೂ ಮೃದುವಾದ, ಆದಕಾರಣವೇ ಹೆಚ್ಚು ಅಪಾಯಕರವಾದ ಇನ್ನೊಂದು ಮಾತುಂಟು: "ಅವ ನಮ್ಮ ಮನಿ ಹುಡುಗ ಇದ್ದಂಗ." ಕೇಳುವುದಕ್ಕೆ ಎಷ್ಟು ಇಂಪು! ಮನೆಯ ಹುಡುಗನಾದುದರಿಂದ ಅವನಿಗೆ ನೇಮಕದ ಪತ್ರ ಬೇಕಾಗಿಲ್ಲ; ಮನೆಯವನಾದುದರಿಂದ ಭಾನುವಾರವೂ ಬರಬೇಕು, ರಾತ್ರಿ ಹನ್ನೊಂದಕ್ಕೆ ಕರೆದರೂ ಬರಬೇಕು; ಮನೆಯವರೊಳಗೆ ಸಂಬಳದ ಚೌಕಾಸಿ ಸಲ್ಲದು. ನಿಜವಾಗಿಯೂ ಮನೆಯ ಹುಡುಗನಾಗಿದ್ದರೆ, ಕಚ್ಚುವ ನಾಯಿಗಳ ಬಾಯನ್ನು ದಿನವೂ ಹಿಡಿಯುವ ಅವನಿಗೆ ರೇಬೀಸ್ ನಿರೋಧಕ ಚುಚ್ಚುಮದ್ದನ್ನು ಮುಂಗಡವಾಗಿ ಹಾಕಿಸದೆ ಒಂದು ದಿನವಾದರೂ ಬಿಡುತ್ತಿದ್ದಿರಾ? ಕಂದು ಹಾಕಿದ ಎಮ್ಮೆಯ ಮಾಸನ್ನು ಬರಿಗೈಯಿಂದ ಎತ್ತಿ ಹೂಳು ಎಂದು ನಿಮ್ಮ ಸ್ವಂತ ಮಗನಿಗೆ ಹೇಳುತ್ತಿದ್ದಿರಾ? ಬ್ರುಸೆಲ್ಲಾ ಸೋಂಕು ಅಂತಹ ಮಾಸಿನಿಂದಲೇ ಮನುಷ್ಯನಿಗೆ ಹತ್ತಿ, ತಿಂಗಳುಗಟ್ಟಲೆ ಏರಿಳಿಯುವ ಜ್ವರವನ್ನೂ ಕೀಲುಕೀಲುಗಳ ನೋವನ್ನೂ ತಂದು, ಅವನ ದುಡಿಮೆಯ ಶಕ್ತಿಯನ್ನು ಕಸಿದುಕೊಳ್ಳುತ್ತದೆಂಬುದು ನಮಗೆ ಮೊದಲ ಪಾಠದಲ್ಲಿಯೇ ಗೊತ್ತಾದ ವಿಷಯ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಬ್ರುಸೆಲ್ಲಾ ಲಸಿಕೆಯು ಜೀವಂತ ಲಸಿಕೆಯಾಗಿದ್ದು, ಅದರ ಸೂಜಿಯು ಕೈತಪ್ಪಿ ಚುಚ್ಚಿದರೆ ಹಿಡಿದವನಿಗೇ ರೋಗ ಹತ್ತಬಹುದೆಂಬುದನ್ನು ಕರುವನ್ನು ಹಿಡಿದು ನಿಂತವನಿಗೆ ಹೇಳಿದವರೆಷ್ಟು ಮಂದಿ? ಖರ್ಚಿನ ಮಾತನ್ನು ಎತ್ತುವವರಿಗೆ ನಾನು ಅವರ ಸ್ಕ್ಯಾನಿಂಗ್ ಯಂತ್ರವನ್ನು ತೋರಿಸುತ್ತೇನೆ. ಅದರ ಬೆಲೆಯ ಅತ್ಯಲ್ಪ ಅಂಶದಲ್ಲಿ ಇಡೀ ತಂಡಕ್ಕೆ ಲಸಿಕೆಯೂ ಕೈಗವಸೂ ಬರುತ್ತವೆ.

ಮನೆಯೆಂಬ ಈ ಮುಸುಕಿನ ಮರೆಯಲ್ಲಿ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಪಶುವೈದ್ಯ ಕಾಲೇಜುಗಳಿಂದ ತರುಣಿಯರು ಹೊರಬರುತ್ತಿದ್ದಾರೆ, ಚಿಕಿತ್ಸಾಲಯಗಳಲ್ಲಿ ದುಡಿಯುವ ಹೆಂಗಸರೂ ಇದ್ದಾರೆ. ಹೇಳಿಕೊಳ್ಳಲಾಗದ ಅವಮಾನವಾದರೆ ಅವರು ಯಾರ ಬಳಿಗೆ ಹೋಗಬೇಕು? ಹತ್ತು ಜನರಿಗೆ ಕಡಮೆಯಿಲ್ಲದೆ ದುಡಿಯುವಲ್ಲಿ ಆಂತರಿಕ ಸಮಿತಿಯಿರಬೇಕು, ಅದಕ್ಕಿಂತ ಚಿಕ್ಕ ಸ್ಥಳಗಳವರಿಗಾಗಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಯಿರಬೇಕು ಎಂದು ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನು ವಿಧಿಸಿದೆ. ನಮ್ಮ ಚಿಕಿತ್ಸಾಲಯಗಳು ಬಹುಮಟ್ಟಿಗೆ ಈ ಎರಡನೆಯ ವರ್ಗದವು. ಆ ಸಮಿತಿಯ ವಿಳಾಸವನ್ನು ಗೋಡೆಗೆ ಅಂಟಿಸಿದ ಚಿಕಿತ್ಸಾಲಯವನ್ನು ನಾನಂತೂ ಕಂಡಿಲ್ಲ.

ಕಾನೂನಿನ ಮಾತು ಬಂದಿತು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮದ 30ನೆಯ ಪ್ರಕರಣವನ್ನು ನಮ್ಮವರು ನಕಲಿ ವೈದ್ಯರ ಮೇಲೆ ಎಸೆಯುವುದಕ್ಕೆ ಬಾಯಿಪಾಠ ಮಾಡಿದ್ದಾರೆ. ನೋಂದಾಯಿತನಲ್ಲದವನು ಪಶುವೈದ್ಯವನ್ನು ಆಚರಿಸಕೂಡದು ಎಂಬುದು ಸರಿಯಾದ ಕಟ್ಟಳೆಯೇ. ಆದರೆ ಅದೇ ಪ್ರಕರಣವು ಮುಂದುವರಿದು, ತರಬೇತಿ ಪಡೆದ ಸಹಾಯಕನು ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಚಿಕ್ಕ ಸೇವೆಗಳನ್ನು ನೋಂದಾಯಿತ ವೈದ್ಯನ ಮೇಲ್ವಿಚಾರಣೆಯಲ್ಲಿಯೂ ನಿರ್ದೇಶನದಲ್ಲಿಯೂ ಮಾಡಲು ರಾಜ್ಯ ಸರಕಾರವು ಅನುಮತಿಸಬಹುದೆಂದು ಹೇಳುತ್ತದೆ. ಮೇಲ್ವಿಚಾರಣೆ, ನಿರ್ದೇಶನ: ಈ ಎರಡು ಶಬ್ದಗಳಲ್ಲಿ ಶಾಸನವು ನಮಗೆ ಹೊರಿಸಿದ ಭಾರವು ನಾಯಕತ್ವದ ಭಾರವೇ ಹೊರತು ಮತ್ತೇನು? ಆ ಭಾರವನ್ನು ಹೊರಲು ನಮ್ಮ ಕಾಲೇಜುಗಳು ಕಲಿಸುತ್ತವೆಯೆ? ಧಾರವಾಡವು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, 1886ರಲ್ಲಿ ಸ್ಥಾಪಿತವಾದ ಮುಂಬಯಿಯ ಪರೇಲದ ಪಶುವೈದ್ಯ ಕಾಲೇಜಿಗೆ ಹೋಗಿ ಬರುವುದೇ ಒಂದು ಸಾಹಸವಾಗಿತ್ತು. 1958ರಲ್ಲಿ ಹೆಬ್ಬಾಳದ ಕಾಲೇಜು ಬಂದಿತು, ಆಮೇಲೆ ಬೀದರದ ವಿಶ್ವವಿದ್ಯಾಲಯ, ಈಗ ಹತ್ತಿರದ ಗದಗಿನಲ್ಲಿಯೇ ಕಾಲೇಜು. ಐದೂವರೆ ವರ್ಷಗಳ ಆ ವ್ಯಾಸಂಗದಲ್ಲಿ ದನದ ಹೊಟ್ಟೆಯ ನಾಲ್ಕು ಕೋಣೆಗಳನ್ನು ಕಣ್ಣುಕಟ್ಟಿ ಹೇಳಬಲ್ಲಷ್ಟು ಕಲಿಸುತ್ತಾರೆ. ಜೊತೆಗಾರನ ತಪ್ಪನ್ನು ಅವನ ಮಾನ ಹೋಗದಂತೆ ಹೇಳುವುದನ್ನು, ಜಗಳವಾಡಿದ ಇಬ್ಬರನ್ನು ಕೂಡಿಸುವುದನ್ನು, ದಣಿದವನನ್ನು ಗುರುತಿಸಿ ಮನೆಗೆ ಕಳುಹಿಸುವುದನ್ನು ಎಷ್ಟು ಗಂಟೆ ಕಲಿಸುತ್ತಾರೆ?

ಸರಕಾರವೂ ಈ ಭ್ರಮೆಯಲ್ಲಿ ಪಾಲುದಾರ. ನಮ್ಮ ಹಿರಿಯರಿಗೆ ಕಣ್ಣೀರು ತರಿಸಿದ ದನಗಳ ದೊಡ್ಡರೋಗವನ್ನು ನೆನೆಯಿರಿ: 1954ರಲ್ಲಿ ದೇಶವ್ಯಾಪಿ ಕಾರ್ಯಕ್ರಮವು ಆರಂಭವಾಗಿ, 2006ರಲ್ಲಿ ಭಾರತವು ಅದರಿಂದ ಮುಕ್ತವೆನಿಸಿ, 2011ರಲ್ಲಿ ಜಗತ್ತೇ ಮುಕ್ತವೆಂದು ಘೋಷಿತವಾಯಿತು, ಸಿಡುಬಿನ ತರುವಾಯ ಮನುಷ್ಯನು ಭೂಮಿಯಿಂದಲೇ ಅಳಿಸಿದ ಎರಡನೆಯ ರೋಗ ಅದು. ಅದನ್ನು ಯಾವ ಒಬ್ಬ ಡಾಕ್ಟರರ ಕೈಗುಣವು ಅಳಿಸಿತು? ಮಂಜುಗಡ್ಡೆಯ ಥರ್ಮಾಸನ್ನು ಹೆಗಲಿಗೆ ಹಾಕಿಕೊಂಡು ಕೆಸರು ದಾರಿಯಲ್ಲಿ ಸೈಕಲ್ ತಳ್ಳಿದ, ದೊಡ್ಡಿಯಲ್ಲಿ ಬೆದರಿದ ಹೋರಿಗಳನ್ನು ಹಿಡಿದ, ಲೆಕ್ಕದ ಪುಸ್ತಕದಲ್ಲಿ ಒಂದೊಂದೇ ಗೆರೆ ಎಳೆದ ಅಸಂಖ್ಯ ಸಹಾಯಕರ ದಂಡು ಅದನ್ನು ಅಳಿಸಿತು. 2022ರಲ್ಲಿ ಚರ್ಮಗಂಟು ರೋಗವು ನಮ್ಮ ನಾಡಿನಲ್ಲಿ ಹಬ್ಬಿ ಎತ್ತುಗಳೂ ಆಕಳುಗಳೂ ಮೈತುಂಬ ಗಂಟೆದ್ದು ನರಳುತ್ತಿದ್ದಾಗಲೂ, ಮೇಕೆ ಸಿಡುಬಿನ ಲಸಿಕೆಯ ಪೆಟ್ಟಿಗೆಯನ್ನು ಹಿಡಿದು ಓಣಿಓಣಿ ತಿರುಗಿದವರು ಅವರೇ. ಇಂತಹವರು ನಿವೃತ್ತರಾದಾಗ ಆ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿಬಿಟ್ಟು, ಡಾಕ್ಟರರೊಬ್ಬರಿದ್ದರೆ ದವಾಖಾನೆಯಿದ್ದಂತೆಯೇ ಸರಿ ಎಂದು ಕಾಗದದಲ್ಲಿ ಬರೆದುಕೊಳ್ಳುವ ಆಡಳಿತಕ್ಕೆ ಏನೆನ್ನಬೇಕು? ಬಾಗಿಲು ತೆರೆಯುವವರೂ ತಾವೇ, ಹಗ್ಗ ಹಿಡಿಯುವವರೂ ತಾವೇ ಆದ ಡಾಕ್ಟರರನ್ನು ನಾನು ಕಂಡಿದ್ದೇನೆ.

1962 ಎಂಬ ಸಂಖ್ಯೆಗೆ ಕರೆಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನವು ಈಚಿನ ವರ್ಷಗಳ ಒಳ್ಳೆಯ ಏರ್ಪಾಡು. ಲಕ್ಷ ಜಾನುವಾರುಗಳಿಗೆ ಒಂದರಂತೆ ಯೋಜಿಸಲಾದ ಆ ವಾಹನದಲ್ಲಿ ವೈದ್ಯನೊಬ್ಬ, ಪಶುವೈದ್ಯ ಸಹಾಯಕನೊಬ್ಬ, ಪರಿಚಾರಕನ ಕೆಲಸವನ್ನೂ ಮಾಡುವ ಚಾಲಕನೊಬ್ಬ, ಹೀಗೆ ಮೂವರು ದಿನವಿಡೀ ಒಂದೇ ಛಾವಣಿಯ ಕೆಳಗಿರುತ್ತಾರೆ. ತಂಡವೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ಬೇಕೆ? ಆದರೂ ಎಷ್ಟು ಜಾನುವಾರು ನೋಡಿದಿರಿ ಎಂದು ಲೆಕ್ಕ ಕೇಳುವ ಮೇಲಧಿಕಾರಿಯು, ಮೂವರೂ ಉಂಡಿರಾ, ನಿನ್ನೆಯ ಕಷ್ಟದ ಹೆರಿಗೆಯಲ್ಲಿ ಏನು ತಪ್ಪಾಯಿತೆಂದು ಕೂತು ಮಾತಾಡಿದಿರಾ ಎಂದು ಕೇಳಿದ್ದುಂಟೆ?

ಕಟ್ಟಕಡೆಗೆ ಈ ಭ್ರಮೆಯು ತನ್ನನ್ನು ಪೂಜಿಸುವ ವೈದ್ಯನನ್ನೇ ತಿನ್ನುತ್ತದೆ. ಗುಣವೆಲ್ಲ ನನ್ನ ಕೈಯದೆಂದು ಒಪ್ಪಿಕೊಂಡವನು ಸಾವೆಲ್ಲವೂ ನನ್ನ ಕೈಯದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅವನಿಗೆ ರಜೆಯಿಲ್ಲ, ಏಕೆಂದರೆ ಅವನಿಲ್ಲದೆ ದವಾಖಾನೆ ನಡೆಯದು. ಹೇಳಿಕೊಳ್ಳಲು ಜೊತೆಗಾರರಿಲ್ಲ, ಏಕೆಂದರೆ ಯಾರನ್ನೂ ಜೊತೆಗಾರರನ್ನಾಗಿ ಬೆಳೆಸಿಲ್ಲ. ನರಳುವ ಪ್ರಾಣಿಯನ್ನು ನೋವಿಲ್ಲದಂತೆ ಕೊನೆಗಾಣಿಸಿ, ಅಳುವ ಒಡೆಯನನ್ನು ಸಂತೈಸಿ, ಮರುಕ್ಷಣವೇ ಮುಂದಿನ ರೋಗಿಗೆ ನಗುಮುಖ ತೋರಿಸಬೇಕಾದ ಈ ವೃತ್ತಿಯ ಒಳಭಾರವು ಸಾಮಾನ್ಯವಾದುದಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಪಶುವೈದ್ಯರ ಮರಣಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆತ್ಮಹತ್ಯೆಯಿಂದ ಸಾಯುವ ಸಂಭವವು ಇತರ ಜನರಿಗಿಂತ ಗಂಡಸರಲ್ಲಿ 2.1 ಪಟ್ಟು, ಹೆಂಗಸರಲ್ಲಿ 3.5 ಪಟ್ಟು ಹೆಚ್ಚಾಗಿತ್ತು. ಇಂತಹ ಭಾರವನ್ನು ಒಬ್ಬನೇ ಹೊರುವುದನ್ನು ಪೌರುಷವೆಂದು ತಿಳಿದಿರುವ ನನ್ನ ತರುಣ ಮಿತ್ರರನ್ನು ಕಂಡಾಗ ನನಗೆ ಭಯವಾಗುತ್ತದೆ. ಅವರು ಹೀಗೆ ಸೊರಗುವುದು ಯಾವ ಪಶುವಿನ ಹಿತಕ್ಕೆ?

ಆದಕಾರಣ ಇನ್ನು ಸಂಕೋಚದ ಮಾತು ಬೇಡ. ಅವಳಿ ನಗರದ ಪ್ರತಿಯೊಂದು ಪಶುಚಿಕಿತ್ಸಾಲಯದಲ್ಲಿ, ಅದು ಸರಕಾರದ್ದಿರಲಿ ಖಾಸಗಿಯದಿರಲಿ, ದುಡಿಯುವ ಪ್ರತಿಯೊಬ್ಬನಿಗೂ ಪ್ರತಿಯೊಬ್ಬಳಿಗೂ ಬರೆಹದಲ್ಲಿರುವ ನೇಮಕ, ಗೊತ್ತಾದ ಸಂಬಳ, ವಾರಕ್ಕೊಂದು ರಜೆ ಬೇಕು. ಈ ತಿಂಗಳು ಮುಗಿಯುವುದರೊಳಗೆ ಅವರೆಲ್ಲರಿಗೂ ರೇಬೀಸ್ ನಿರೋಧಕ ಲಸಿಕೆ ಬೇಕು. ಶಸ್ತ್ರಕ್ರಿಯೆಯ ಮೇಜಿನ ಸುತ್ತ ನಿಂತವರಲ್ಲಿ ಯಾರೇ ಆಗಲಿ "ತಡೀರಿ" ಎಂದರೆ ಕತ್ತಿ ನಿಲ್ಲಬೇಕು. ಆ ಮಾತು ತಪ್ಪಾಗಿದ್ದರೂ ಆಡಿದವನನ್ನು ಗದರಿಸಕೂಡದು. ಬೀದರದ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳ ಆಂತರಿಕ ತರಬೇತಿಯ ಅವಧಿಯಲ್ಲಿ ತಂಡವನ್ನು ನಡೆಸುವ ವಿದ್ಯೆಯನ್ನು ಕಲಿಸಲಿ, ಅದರಲ್ಲಿ ತೇರ್ಗಡೆಯಾಗದವನನ್ನು ಹೊರಗೆ ಕಳುಹಿಸದಿರಲಿ. ಇಲಾಖೆಯು ಖಾಲಿಯಿರುವ ಸಹಾಯಕರ ಹುದ್ದೆಗಳನ್ನು ತುಂಬಲಿ. ಎಮ್ಮೆ ತಂದವರೂ ನಾಯಿ ತಂದವರೂ ಸಾಹೇಬರ ಕೈಗುಣವನ್ನು ಹೊಗಳುವ ಮುನ್ನ, ಹಗ್ಗ ಹಿಡಿದವರ ಹೆಸರೇನೆಂದು ಕೇಳಲಿ.

ನನ್ನ ವೃತ್ತಿಬಾಂಧವರೇ, ಇದಕ್ಕಾಗಿ ಸರಕಾರದ ಆದೇಶಕ್ಕೆ ಕಾಯುತ್ತ ಕೂಡಬೇಡಿರಿ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವುದಕ್ಕೆ ಹತ್ತು ನಿಮಿಷ ಮೊದಲು ಎಲ್ಲರನ್ನೂ ಕೂರಿಸಿಕೊಳ್ಳಿರಿ, ನೆಲ ಒರೆಸುವಾಕೆಯನ್ನೂ ಬಿಡದೆ. ನೀವೂ ಅವರ ಸಮಕ್ಕೆ ಕುಳಿತುಕೊಳ್ಳಿರಿ. ನಿನ್ನೆ ನನ್ನಿಂದ ಏನು ತಪ್ಪಾಯಿತೆಂದು ಮೊದಲು ನೀವು ಹೇಳಿರಿ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು, ನಾನು ನೋಡದೆ ಇರುವುದನ್ನು ನೀವೇನು ಕಂಡಿರಿ ಎಂದು ಕೇಳಿರಿ. ಮೊದಲ ದಿನ ಯಾರೂ ಬಾಯಿ ಬಿಡಲಿಕ್ಕಿಲ್ಲ, ಎರಡನೆಯ ದಿನವೂ ಬಿಡಲಿಕ್ಕಿಲ್ಲ. ಎಷ್ಟೋ ವರ್ಷಗಳ ಹೆದರಿಕೆ ಅವರ ಗಂಟಲಲ್ಲಿ ಕುಳಿತಿದೆ. ಮೂರನೆಯ ದಿನವೂ ಕೇಳಿರಿ.